ತಂತಿಯ ಪಕ್ಕದ ಮನೆ: ‘ಅಪಾಯಕಾರಿ ಕಟ್ಟಡ’ ಮತ್ತು ವಿದ್ಯುತ್ ಕಾನೂನು

ನಗರಾಡಳಿತದ ಕಾನೂನುಗಳು ಅಪಾಯಕಾರಿ ಕಟ್ಟಡ ಎಂದಾಗ ಮುಖ್ಯವಾಗಿ ನೋಡುವುದು ಶಿಥಿಲವಾಗಿ ಬೀಳುವಂತಿರುವ ಗೋಡೆ, ಸೂರುಗಳನ್ನು. ಗಟ್ಟಿಮುಟ್ಟಾದ ಹೊಸ ಮನೆಯ ತಾರಸಿಯಿಂದ 11 ಕಿಲೋವೋಲ್ಟ್ (ಕೆ.ವಿ.) ವಿದ್ಯುತ್ ತಂತಿ ಕೈಗೆಟಕುವಂತಿದ್ದರೆ ಆ ನೋಟಕ್ಕೆ ಅದು ಸುಲಭವಾಗಿ ಸಿಗದು. ವಿದ್ಯುತ್ ಸುರಕ್ಷತಾ ನಿಯಮಗಳಲ್ಲಿ ‘ಅಪಾಯ’ಕ್ಕೆ ವ್ಯಾಖ್ಯೆಯಿದೆ: ವಿದ್ಯುತ್ತಿನ ಆಘಾತ, ಸುಡುಗಾಯಗಳಿಂದ ಜೀವ, ಆರೋಗ್ಯಗಳಿಗೆ ಒದಗುವ ಕೇಡು. ಕಟ್ಟಡದ ವಿಷಯಕ್ಕೆ ಬಂದಾಗ ಮಾತ್ರ ಅವು ವ್ಯಾಖ್ಯೆಯ ಬದಲು ಅಂತರವನ್ನು ಹೇಳುತ್ತವೆ.

1956ರ ವಿದ್ಯುತ್ ನಿಯಮಗಳಲ್ಲಿದ್ದ ಈ ಅಳತೆಗಳನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ವಿನಿಯಮಗಳೂ ಅವುಗಳ ಜಾಗಕ್ಕೆ ಬಂದ 2023ರ ವಿನಿಯಮಗಳೂ ಉಳಿಸಿಕೊಂಡವು. 11 ಕೆ.ವಿ. ಮಾರ್ಗಕ್ಕೆ ಕಟ್ಟಡದಿಂದ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್. 33 ಕೆ.ವಿ. ದಾಟಿದರೆ, ಪಕ್ಕಕ್ಕೆ ಇನ್ನೂ ಹೆಚ್ಚಿರುವ 33 ಕೆ.ವಿ. ಮಾರ್ಗದ ಅಂತರಕ್ಕೆ ಹೆಚ್ಚುವರಿ ಪ್ರತಿ 33 ಕೆ.ವಿ.ಗೆ ಅಥವಾ ಅದರ ಭಾಗಕ್ಕೆ 0.3 ಮೀಟರ್ ಕೂಡುತ್ತದೆ. ಹೀಗಾಗಿ 220 ಕೆ.ವಿ.ಗೆ ಮೇಲೆ 5.5, ಪಕ್ಕಕ್ಕೆ 3.8 ಮೀಟರ್. ಮೇಲಿನ ಅಂತರವನ್ನು ತಂತಿ ಗರಿಷ್ಠ ಜೋತುಬಿದ್ದಾಗ, ಪಕ್ಕದ್ದನ್ನು ಗಾಳಿಗೆ ಗರಿಷ್ಠ ವಾಲಿದಾಗ ಲೆಕ್ಕಹಾಕಬೇಕು. ಬೆಳಗಿನ ತಂಪಿನಲ್ಲಿ ಬಿಗಿಯಾಗಿ ಕಾಣುವ ತಂತಿ ಏಪ್ರಿಲ್ ಮಧ್ಯಾಹ್ನ ಬಿಸಿಲೂ ಲೋಡೂ ಸೇರಿ ಕೆಳಗಿಳಿಯುತ್ತದೆ. ಕಣ್ಣಳತೆಯನ್ನು ನಂಬಿ ಸಜ್ಜ ಹೊರಚಾಚುವ ಮೇಸ್ತ್ರಿಗೆ, ಆ ಸಜ್ಜದ ಮೇಲೆ ನಿಂತು ಕಬ್ಬಿಣದ ಸರಳು ಎತ್ತುವ ಕೂಲಿಯಾಳಿಗೆ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ.

ಮಾರ್ಗ ಹಾಕಿದ ಮೇಲೆ ಕಟ್ಟುವವರು, ಮಹಡಿ ಏರಿಸುವವರು ಮೊದಲೇ ಸರಬರಾಜುದಾರರಿಗೂ ವಿದ್ಯುತ್ ಪರಿವೀಕ್ಷಕರಿಗೂ ತಿಳಿಸಬೇಕು. ಅಂತರ ಸಾಲದಿದ್ದರೆ ಮಾರ್ಗ ಬದಲಿಸುವ ವೆಚ್ಚ ಕಟ್ಟುವವರದೇ. ಆದರೆ ತಿಳಿಸದೆ ಎದ್ದ ಮನೆಯ ಗತಿಯೇನು? 2003ರ ವಿದ್ಯುತ್ ಕಾಯ್ದೆಯ 68(5)ನೇ ಉಪಕಲಂ, ಮಾರ್ಗದ ನಂತರ ಬಂದ ರಚನೆಯನ್ನು ಕಾರ್ಯನಿರ್ವಾಹಕ ದಂಡಾಧಿಕಾರಿ ತೆರವುಗೊಳಿಸಬಹುದೆನ್ನುತ್ತದೆ. ಅರ್ಜಿ ಹಾಕಬೇಕಾದವರು ಪರವಾನಗಿದಾರರು, ಅಂದರೆ ವಿದ್ಯುತ್ ಕಂಪನಿ; ಆಧಾರವೆಂದರೆ ವಿದ್ಯುತ್ ಸಾಗಣೆಗೆ ಅಥವಾ ಕಾಮಗಾರಿಯ ಬಳಿ ಹೋಗಿಬರಲು ಆಗುವ ಅಡ್ಡಿ. ಆ ಮನೆಯಲ್ಲಿ ವಾಸಿಸುವವರ ಜೀವ ಈ ಮಾನದಂಡದಲ್ಲಿ ಇಲ್ಲ. ನನ್ನ ಮುಖ್ಯ ಆಕ್ಷೇಪ ಇದೇ: ಅಂತರದ ನಿಯಮ ಮನುಷ್ಯರನ್ನು ಕಾಯುತ್ತದೆ, ತೆರವಿನ ಅಧಿಕಾರ ತಂತಿಯನ್ನು ಕಾಯುತ್ತದೆ.

ಶೈಲ್ ಕುಮಾರಿ ಪ್ರಕರಣದಲ್ಲಿ (2002) ಸುಪ್ರೀಂ ಕೋರ್ಟ್, ರಸ್ತೆಗೆ ಬಿದ್ದಿದ್ದ ತಂತಿಯಿಂದಾದ ಸಾವಿಗೆ ನಿರ್ಲಕ್ಷ್ಯ ಸಾಬೀತಾಗಬೇಕಿಲ್ಲದ ಕಟ್ಟುನಿಟ್ಟಿನ ಹೊಣೆಯನ್ನು ವಿದ್ಯುತ್ ಮಂಡಳಿಯ ಮೇಲೆ ಹೊರಿಸಿತು. ಅದು ಸತ್ತ ಮೇಲಿನ ಪರಿಹಾರ. ಮೊದಲೇ ತಡೆಯಬೇಕಾದರೆ 68(5)ರಲ್ಲಿ ಜೀವಾಪಾಯವೂ ಆಧಾರವಾಗಬೇಕು. ನಿವಾಸಿಯೂ ಪರಿವೀಕ್ಷಕರೂ ಅರ್ಜಿ ಹಾಕುವಂತಿರಬೇಕು. ಮನೆ ಒಡೆಯುವ ಮುನ್ನ ತಂತಿ ಸರಿಸಲು ಸಾಧ್ಯವೇ ಎಂಬುದನ್ನು ದಂಡಾಧಿಕಾರಿ ಕಡ್ಡಾಯವಾಗಿ ಪರಿಶೀಲಿಸಬೇಕು.