ಪ್ಯಾಕೇಜಿಂಗ್ ತಯಾರಿಕೆ: ಸರಬರಾಜುದಾರರ ಅನುಮೋದನೆ ಮತ್ತು ಮೂಲಶೋಧ

ಆಹಾರವನ್ನು ತುಂಬುವ ಹಾಳೆ, ರಟ್ಟು, ಸೀಸೆಗಳ ತಯಾರಕನು ತನ್ನ ಕಚ್ಚಾಸಾಮಗ್ರಿ ಯಾರಿಂದ ಬಂದಿತು, ಸಿದ್ಧವಸ್ತು ಯಾರಿಗೆ ಹೋಯಿತು ಎಂಬುದನ್ನು ದಾಖಲೆಯಿಂದ ತೋರಿಸಬಲ್ಲವನಾಗಿರುವುದು ಮೂಲಶೋಧ; ಸಾಮಗ್ರಿಯನ್ನು ಪೂರೈಸುವವನನ್ನು ಮುಂಚಿತವಾಗಿಯೇ ಪರೀಕ್ಷಿಸಿ ಒಪ್ಪಿಕೊಳ್ಳುವುದು ಅನುಮೋದನೆ. ಇವೆರಡನ್ನೂ ಐರೋಪ್ಯ ಒಕ್ಕೂಟದ 178/2002ನೆಯ ಆಹಾರ ನಿಯಮದ ಸಂತಾನವೆಂದು ಭಾವಿಸುವುದುಂಟು, ಅದು ಸರಿಯಲ್ಲ. ಆ ನಿಯಮದ 18ನೆಯ ವಿಧಿ ಆಹಾರ, ಪಶುಮೇವು ಮತ್ತು ಅವುಗಳಲ್ಲಿ ಸೇರುವ ಪದಾರ್ಥಗಳಿಗೆ ಸಂಬಂಧಿಸಿದುದು. ಪ್ಯಾಕೇಜಿಂಗಿಗೆ ಈ ಹೊಣೆ ಬಂದುದು 1935/2004ನೆಯ ನಿಯಮದ 17ನೆಯ ವಿಧಿಯಿಂದ, 2006ರ ಅಕ್ಟೋಬರ್ 27ರಂದು. ಅದೂ ತಾಂತ್ರಿಕ ಸಾಧ್ಯತೆಯ ಮಿತಿಗೊಳಪಟ್ಟು, ಏಕೆಂದರೆ ಹಲವು ಲಾಟುಗಳ ಪ್ಲಾಸ್ಟಿಕ್ ಹರಳು ಒಂದೇ ಸೈಲೋದಲ್ಲಿ ಬೆರೆತ ಮೇಲೆ ಯಾವ ಹರಳು ಯಾವ ಲಾಟಿನದೆಂದು ಹೇಳುವುದು ಯಾರಿಂದಲೂ ಆಗದು.

ಅನುಮೋದನೆಯಾದರೋ ವರ್ತಕರ ಸೃಷ್ಟಿ. ಬ್ರಿಟನ್ನಿನ 1990ರ ಆಹಾರ ಸುರಕ್ಷತಾ ಶಾಸನವು, ತಕ್ಕ ಎಚ್ಚರ ವಹಿಸಿದ್ದೆನೆಂದು ರುಜುವಾತುಪಡಿಸಿದವನಿಗೆ ರಕ್ಷಣೆ ನೀಡಿದುದರಿಂದ, ಚಿಲ್ಲರೆ ವ್ಯಾಪಾರ ಸಂಸ್ಥೆಗಳು ಆ ರುಜುವಾತನ್ನು ತಮಗೆ ಪೂರೈಸುವವರಿಂದ ಕೇಳತೊಡಗಿದುವು; ಅವುಗಳ ಒಕ್ಕೂಟವಾದ ಬಿಆರ್‌ಸಿ 1998ರಲ್ಲಿ ಆಹಾರಕ್ಕೂ 2001ರಲ್ಲಿ ಪ್ಯಾಕೇಜಿಂಗಿಗೂ ಮಾನಕಗಳನ್ನು ಪ್ರಕಟಿಸಿತು.

ಈ ಎರಡು ಧಾರೆಗಳನ್ನು ಸಮೀಪಕ್ಕೆ ತಂದುದು 2005ರ ಶಾಯಿ ಪ್ರಕರಣ. ಇಟಲಿಯಲ್ಲಿ ಶಿಶುಗಳ ಹಾಲಿನಲ್ಲಿ ಐಟಿಎಕ್ಸ್ ಎಂಬ ರಾಸಾಯನಿಕ ಕಂಡುಬಂದಿತು. ಅದು ಅತಿನೇರಳೆ ಬೆಳಕಿನಲ್ಲಿ ಒಣಗುವ ಮುದ್ರಣಶಾಯಿಯ ಘಟಕ. ರಟ್ಟಿನ ಹೊರಮೈಯಲ್ಲಿ ಮಾತ್ರ ಇರತಕ್ಕದ್ದು. ಆದರೆ ಮುದ್ರಿತ ಹಾಳೆಯನ್ನು ಉರುಳೆಯಾಗಿ ಸುತ್ತಿದಾಗ ಒಂದು ಸುತ್ತಿನ ಹೊರಮೈ ಮುಂದಿನ ಸುತ್ತಿನ ಒಳಮೈಗೆ ಒತ್ತಿ, ಶಾಯಿಯ ಅಂಶ ಕಣ್ಣಿಗೆ ಕಾಣದೆ ಅಲ್ಲಿಗೆ ದಾಟಿ, ಬಳಿಕ ಹಾಲನ್ನು ಸೇರುತ್ತದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು ಅದೇ ಡಿಸೆಂಬರಿನಲ್ಲಿ ಆ ಪ್ರಮಾಣದಿಂದ ಆರೋಗ್ಯಕ್ಕೆ ಆತಂಕವಿಲ್ಲವೆಂದರೂ ಹಾಲು ಆ ವೇಳೆಗೆ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತ್ತು. ಉತ್ತಮ ತಯಾರಿಕಾ ಪದ್ಧತಿಯನ್ನು ಕುರಿತ 2023/2006ನೆಯ ನಿಯಮದ ಅನುಬಂಧವು ಉರುಳೆಯೊಳಗಿನ ಈ ವರ್ಗಾವಣೆಯನ್ನೇ ಹೆಸರಿಸಿ ನಿರ್ಬಂಧಿಸಿತು. ಕಚ್ಚಾಸಾಮಗ್ರಿಯನ್ನು ಪೂರ್ವನಿಶ್ಚಿತ ಲಕ್ಷಣಗಳಿಗನುಸಾರವಾಗಿ ಆರಿಸಬೇಕೆಂಬ ವಿಧಿಯೂ ಆ ನಿಯಮದಲ್ಲಿಯೇ ಇದ್ದು, ವರ್ತಕರ ಅನುಮೋದನೆಗೆ ಶಾಸನದಲ್ಲಿ ದೊರೆತ ಅತಿಸಮೀಪದ ಸ್ಥಾನ ಇದೇ ಎನ್ನಬೇಕು. ಅನಂತರದ ಮಾನಕಗಳಲ್ಲಿ ಆಹಾರ ಪ್ಯಾಕೇಜಿಂಗ್ ತಯಾರಿಕೆಯನ್ನು ಕುರಿತ 2013ರ ಐಎಸ್‌ಒ/ಟಿಎಸ್ 22002-4 ಉಲ್ಲೇಖಾರ್ಹ.

ಭಾರತದಲ್ಲಿ 2018ರ ಆಹಾರ ಸುರಕ್ಷತೆ ಮತ್ತು ಮಾನಕಗಳ (ಪ್ಯಾಕೇಜಿಂಗ್) ನಿಬಂಧನೆಗಳು 2019ರ ಜುಲೈ 1ರಿಂದ ಆಚರಣೆಗೆ ಬಂದುವು. ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಅಂಶಗಳ ಪರೀಕ್ಷೆಗೆ ಐಎಸ್ 9845, ಶಾಯಿಗೆ ಐಎಸ್ 15495 ಆಧಾರ. ಮಾನ್ಯತೆ ಪಡೆದ ಪ್ರಯೋಗಾಲಯದ ಪ್ರಮಾಣಪತ್ರವನ್ನು ಪಡೆಯುವ ಭಾರ ಆಹಾರೋದ್ಯಮಿಯದು. ಆದರೆ ಅಂಥ ಪತ್ರ ಪರೀಕ್ಷೆಗೆ ಬಂದ ಮಾದರಿಯ ಗುಣವನ್ನು ಹೇಳೀತೇ ಹೊರತು ಲಾಟು ನಡೆದುಬಂದ ದಾರಿಯನ್ನು ಹೇಳದು.