ಬಹುಮತಕ್ಕೆ ಒಪ್ಪಿಸದ ಹಕ್ಕು: ದಕ್ಷಿಣ ಆಫ್ರಿಕದ ಅನುಭವ

ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ನಗರದ ಒಂದು ದಿಬ್ಬದ ಮೇಲೆ ಆ ದೇಶದ ಸಂವಿಧಾನ ನ್ಯಾಯಾಲಯವಿದೆ. 2004ರಲ್ಲಿ ಉದ್ಘಾಟನೆಗೊಂಡ ಈ ಕಟ್ಟಡದಲ್ಲಿ, ಅದೇ ಸ್ಥಳದಲ್ಲಿದ್ದ ಹಳೆಯ ಸೆರೆಮನೆಯ ವಿಚಾರಣಾಧೀನ ಕೈದಿಗಳ ವಿಭಾಗವನ್ನು ಕೆಡವಿ ತೆಗೆದ ಇಟ್ಟಿಗೆಗಳನ್ನೂ ಬಳಸಲಾಗಿದೆ. ಆ ಸೆರೆಮನೆಯ ಆವರಣದಲ್ಲಿ 1908ರಲ್ಲಿ ಗಾಂಧೀಜಿಯವರು ಬಂಧಿಯಾಗಿದ್ದರು. ದಕ್ಷಿಣ ಆಫ್ರಿಕದ ಹೆಸರು ಬಂದಾಗ ಜೈನ ವಾಚಕರಿಗೆ ಇನ್ನೊಂದು ಸಂಗತಿಯೂ ನೆನಪಾಗುವುದು ಸಹಜ. ಧರ್ಮದ ವಿಷಯದಲ್ಲಿ ಮನಸ್ಸು ಡೋಲಾಯಮಾನವಾಗಿದ್ದ ತರುಣ ಗಾಂಧಿಯವರು 1894ರಲ್ಲಿ ಆ ದೇಶದಿಂದಲೇ ಮುಂಬಯಿಯ ರತ್ನವ್ಯಾಪಾರಿ ಶ್ರೀಮದ್ ರಾಜಚಂದ್ರರಿಗೆ ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ಕಳುಹಿಸಿ ಸಮಾಧಾನ ಪಡೆದಿದ್ದರು.

ಈ ನ್ಯಾಯಾಲಯವು 2005ರ ಡಿಸೆಂಬರ್ 1ರಂದು ಒಂದು ತೀರ್ಪನ್ನಿತ್ತಿತು. ಗಂಡಸು ಗಂಡಸನ್ನು, ಹೆಂಗಸು ಹೆಂಗಸನ್ನು ವರಿಸಲು ಅವಕಾಶವಿಲ್ಲದ ವಿವಾಹ ಕಾನೂನು ಸಂವಿಧಾನಕ್ಕೆ ವಿರುದ್ಧವೆಂದೂ, ಹನ್ನೆರಡು ತಿಂಗಳೊಳಗೆ ಸಂಸತ್ತು ಅದನ್ನು ಸರಿಪಡಿಸಬೇಕೆಂದೂ ಆದೇಶಿಸಿತು. ಶ್ರಾವಕ ಕುಟುಂಬಗಳಲ್ಲಿ ಹಿರಿಯರ ಮುಂದೆ ಎತ್ತುವ ವಿಷಯ ಇದಲ್ಲ. ಆದರೂ ಹೊಸದಾಗಿ ಪ್ರಜಾಪ್ರಭುತ್ವಕ್ಕೆ ಕಾಲಿಟ್ಟ ದೇಶವೊಂದು ಬಹುಜನರಿಗೆ ಒಪ್ಪಿಗೆಯಿಲ್ಲದ ಒಂದು ಸಣ್ಣ ವರ್ಗವನ್ನು ಹೇಗೆ ನಡೆಸಿಕೊಂಡಿತೆಂಬ ವೃತ್ತಾಂತವು, ಎಣಿಕೆಯಲ್ಲಿ ಎಂದೂ ಅಲ್ಪವಾಗಿಯೇ ಉಳಿದಿರುವ ಸಮಾಜಕ್ಕೆ ತಿಳಿದಿರತಕ್ಕದ್ದು.

ವರ್ಣಭೇದದ ಸರಕಾರವು 1948ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಯಾರು ಎಲ್ಲಿ ವಾಸಿಸಬೇಕು, ಯಾರು ಯಾರನ್ನು ಮದುವೆಯಾಗಬೇಕು ಎಂಬುದನ್ನೆಲ್ಲ ಕಾಯಿದೆಯೇ ನಿರ್ಧರಿಸತೊಡಗಿತು. ಬಿಳಿಯರು ಮತ್ತು ಇತರರ ನಡುವಣ ವಿವಾಹವನ್ನು 1949ರಲ್ಲಿ ನಿಷೇಧಿಸಲಾಯಿತು. 1957ರ ಅನೈತಿಕತಾ ಕಾಯಿದೆಯು ಅವರ ನಡುವಣ ದೇಹಸಂಬಂಧವನ್ನು ಅಪರಾಧವೆಂದು ಸಾರಿತು. 1966ರಲ್ಲಿ ಜೊಹಾನ್ಸ್‌ಬರ್ಗಿನ ಫಾರೆಸ್ಟ್ ಟೌನ್ ಬಡಾವಣೆಯ ಒಂದು ಮನೆಯಲ್ಲಿ ನಡೆದಿದ್ದ ಗಂಡಸರ ಕೂಟದ ಮೇಲೆ ಪೊಲೀಸರು ದಾಳಿ ಮಾಡಿದ ತರುವಾಯ ಅದೇ ಕಾಯಿದೆಗೆ 1969ರಲ್ಲಿ ಹೊಸ ಕಲಮೊಂದು ಸೇರಿತು. ಕೂಟವೊಂದರಲ್ಲಿ ಗಂಡಸರಿಬ್ಬರು ಪರಸ್ಪರ ಕಾಮೋದ್ರೇಕವಾಗುವಂತೆ ನಡೆದುಕೊಂಡರೆ ಅದು ಅಪರಾಧ. ಕೂಟವೆಂದರೆ ಏನು? ಇಬ್ಬರಿಗಿಂತ ಹೆಚ್ಚು ಮಂದಿ ಇರುವ ಯಾವುದೇ ಸಂದರ್ಭ! ಮೂರನೆಯವನು ಬಾಗಿಲು ತೆರೆದು ಒಳಗೆ ಬಂದರೆ ಅಪರಾಧವೂ ಅವನೊಡನೆ ಒಳಗೆ ಬರುವಂಥ ಕಾನೂನು ಇದು. ಜನಾಂಗದ ಮಡಿ ಮತ್ತು ಶಯ್ಯಾಗೃಹದ ಕಾವಲು ಇವೆರಡನ್ನೂ ಒಂದೇ ಕಾಯಿದೆಯಲ್ಲಿ ಹೊಲಿದಿದ್ದುದು ಆಕಸ್ಮಿಕವೇನಲ್ಲ.

ಮದುವೆಯನ್ನು ಕಾನೂನು ಮಾನ್ಯ ಮಾಡದಿದ್ದರೆ ಆಗುವ ಅವಮಾನವನ್ನು ಅಲ್ಲಿಯ ಭಾರತೀಯರು ಅದಕ್ಕೂ ಮೊದಲೇ ಉಂಡಿದ್ದರು. 1913ರ ಮಾರ್ಚ್‌ನಲ್ಲಿ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್ ಅವರು ಕೊಟ್ಟ ತೀರ್ಪಿನ ಪರಿಣಾಮವಾಗಿ, ಬಹುಪತ್ನಿತ್ವಕ್ಕೆ ಎಡೆಯಿರುವ ಧರ್ಮಗಳ ವಿಧಿಯಂತೆ ನಡೆದ ವಿವಾಹಗಳು ಅಮಾನ್ಯವಾಗುವಂತಾಯಿತು. ಸಪ್ತಪದಿ ತುಳಿದು ಮನೆ ತುಂಬಿದ ಗೃಹಿಣಿಯರು ಕಾನೂನಿನ ಕಣ್ಣಿಗೆ ಪತ್ನಿಯರೇ ಅಲ್ಲ! ಕಸ್ತೂರಬಾ ಅವರು ಸತ್ಯಾಗ್ರಹಕ್ಕೆ ಇಳಿದು ಸೆರೆಮನೆ ಕಂಡದ್ದು ಆಗಲೇ. 1914ರ ಕಾಯಿದೆಯಿಂದ ಈ ಅನ್ಯಾಯಕ್ಕೆ ಪರಿಹಾರ ದೊರೆಯಿತು.

ಇನ್ನು ಸೈಮನ್ ನ್ಕೋಲಿ ಎಂಬಾತನ ಕಥೆ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕು. 1957ರಲ್ಲಿ ಜನಿಸಿದ ಈ ಕಪ್ಪು ಯುವಕ ವರ್ಣಭೇದದ ವಿರುದ್ಧ ವಿದ್ಯಾರ್ಥಿದೆಸೆಯಿಂದಲೇ ಹೋರಾಡಿದವನು. ತಾನು ಸಲಿಂಗಪ್ರೇಮಿಯೆಂಬುದನ್ನೂ ಮುಚ್ಚಿಡದವನು. 1984ರಲ್ಲಿ ಬಂಧಿತನಾಗಿ ಡೆಲ್ಮಾಸ್ ರಾಜದ್ರೋಹದ ಮೊಕದ್ದಮೆಯ 22 ಆರೋಪಿಗಳಲ್ಲಿ ಒಬ್ಬನಾದ. ಅಪರಾಧ ಸಾಬೀತಾದರೆ ಗಲ್ಲು ಆಗಬಹುದಾದ ಮೊಕದ್ದಮೆ ಅದು. ಸೆರೆಮನೆಯಲ್ಲಿ ಅವನ ವಿಷಯ ತಿಳಿದಾಗ ಸಹಬಂಧಿಗಳಲ್ಲಿ ಹಲವರು ಕ್ಷೋಭೆಗೊಂಡರು. ಇವನೊಡನೆ ಒಂದೇ ಕಟಕಟೆಯಲ್ಲಿ ನಿಂತರೆ ಹೋರಾಟಕ್ಕೇ ಕಳಂಕ ತಗಲೀತು, ಇವನ ವಿಚಾರಣೆ ಬೇರೆಯಾಗಿಯೇ ನಡೆಯಲಿ ಎಂಬ ಮಾತೂ ಬಂತು. ವಾದ ಬಹುಕಾಲ ನಡೆಯಿತು. ಕಡೆಗೆ ಅವರು ಅವನನ್ನು ಬಿಡಲಿಲ್ಲ. ಇತ್ತ ಅವನು ಸದಸ್ಯನಾಗಿದ್ದ, ಬಿಳಿಯರೇ ಹೆಚ್ಚಾಗಿದ್ದ ಸಲಿಂಗಪ್ರೇಮಿಗಳ ಸಂಘವು ತನಗೆ ರಾಜಕೀಯ ಬೇಡವೆಂದು ಅವನ ಕೈಹಿಡಿಯಲಿಲ್ಲ. ತಾನೇ ಹಿಂಸೆಗೊಳಗಾದ ಗುಂಪು ತನ್ನೊಳಗಿನ ಇನ್ನೂ ದುರ್ಬಲನನ್ನು ಮರೆಯುವುದು ಇತಿಹಾಸದಲ್ಲಿ ಅಪರೂಪವೇನಲ್ಲ.

1988ರಲ್ಲಿ ನ್ಕೋಲಿ ದೋಷಮುಕ್ತನಾದ. 1990ರ ಅಕ್ಟೋಬರ್‌ನಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ನಡೆದ ಮೊದಲ ಮೆರವಣಿಗೆಯ ಮುಂಚೂಣಿಯಲ್ಲಿ ಅವನಿದ್ದ. 1998ರಲ್ಲಿ ಏಡ್ಸ್ ರೋಗದಿಂದ ತೀರಿಕೊಂಡ. ಅವನ ಸಹಬಂಧಿಗಳಲ್ಲಿ ಒಬ್ಬರಾಗಿದ್ದ ಮೊಸಿವಾ ಲೆಕೋಟಾ ಮುಂದೆ ಆ ದೇಶದ ರಕ್ಷಣಾ ಸಚಿವರಾದರು. ತಮ್ಮೊಡನೆ ಪ್ರಾಣವನ್ನೇ ಪಣವಾಗಿಟ್ಟು ಹೋರಾಡಿದವನನ್ನು ಸ್ವಾತಂತ್ರ್ಯ ಬಂದ ಮೇಲೆ ಹೊರಗಿಡುವುದು ಹೇಗೆ ಎಂಬ ಭಾವವನ್ನು ಅವರು ಬಳಿಕ ವ್ಯಕ್ತಪಡಿಸಿದ್ದುಂಟು. ತತ್ತ್ವಗ್ರಂಥಗಳಿಗಿಂತ ಸಹವಾಸವೇ ಅವರ ಮನಸ್ಸನ್ನು ತಿರುಗಿಸಿತೆನ್ನಬೇಕು.

ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮೊದಲಿನಿಂದಲೂ ಉದಾರವಾಗಿತ್ತೆಂದು ಭಾವಿಸಬಾರದು. 1987ರಲ್ಲಿ ಲಂಡನ್ನಿನಲ್ಲಿದ್ದ ಅದರ ಕಾರ್ಯಕಾರಿ ಸಮಿತಿಯ ಸದಸ್ಯೆ ರೂತ್ ಮೊಂಪಾಟಿ ಅವರು ಸಂದರ್ಶನವೊಂದರಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಿದಾಗ ವಿದೇಶದ ಬೆಂಬಲಿಗರಲ್ಲಿ ಕೋಲಾಹಲವೆದ್ದಿತು. ಅದೇ ವರ್ಷದ ನವೆಂಬರ್‌ನಲ್ಲಿ ಥಾಬೊ ಎಂಬೆಕಿ ಅವರು ಪತ್ರ ಬರೆದು, ತಮ್ಮ ಪಕ್ಷ ಯಾವ ಬಗೆಯ ತಾರತಮ್ಯವನ್ನೂ ಒಪ್ಪದೆಂದು ಸ್ಪಷ್ಟಪಡಿಸಬೇಕಾಯಿತು. ಮುಂದೆ 1993ರ ಹಂಗಾಮಿ ಸಂವಿಧಾನದಲ್ಲಿ, ಬಳಿಕ 1996ರ ಪೂರ್ಣ ಸಂವಿಧಾನದ ಒಂಬತ್ತನೆಯ ವಿಧಿಯಲ್ಲಿ, ಜನಾಂಗ, ಲಿಂಗ, ಧರ್ಮ, ಭಾಷೆಗಳ ಸಾಲಿನಲ್ಲಿಯೇ 'ಲೈಂಗಿಕ ಒಲವು' ಎಂಬ ಪದವೂ ಸೇರಿತು. ಇಂಥ ಸಂರಕ್ಷಣೆಯನ್ನು ಸಂವಿಧಾನದಲ್ಲಿಯೇ ಬರೆದ ಮೊದಲ ದೇಶವದು. 1996ರ ಮೇ 8ರಂದು ಆ ಸಂವಿಧಾನಕ್ಕೆ 421 ಮತಗಳು ಪರವಾಗಿ, 2 ವಿರುದ್ಧವಾಗಿ ಬಿದ್ದವು. 10 ಮಂದಿ ತಟಸ್ಥರಾಗಿದ್ದರು.

ಇಷ್ಟು ಭಾರಿ ಬಹುಮತವಿತ್ತೆಂದರೆ ಜನರ ಮನಸ್ಸೂ ಹಾಗೆಯೇ ಇತ್ತೆ? ಇರಲಿಲ್ಲ. 2003ರಿಂದ 2007ರವರೆಗೆ ಅಲ್ಲಿಯ ಮಾನವಿಕ ವಿಜ್ಞಾನಗಳ ಸಂಶೋಧನ ಮಂಡಳಿ ನಡೆಸಿದ ಸಮೀಕ್ಷೆಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಸಲಿಂಗಸಂಬಂಧ ಯಾವಾಗಲೂ ತಪ್ಪೆಂದೇ ಹೇಳಿದರು. ಜನಮತಗಣನೆಗೆ ಹಾಕಿದ್ದರೆ ಆ ಪದ ಉಳಿಯುತ್ತಿತ್ತೇ ಎಂಬುದು ಸಂದೇಹ. ಸಂವಿಧಾನ ನ್ಯಾಯಾಲಯವು ಈ ತೊಡಕನ್ನು ಆರಂಭದಲ್ಲಿಯೇ, ಬೇರೊಂದು ವಿಷಯದಲ್ಲಿ ಎದುರಿಸಿತ್ತು. 1995ರ ಜೂನ್ 6ರಂದು ಹನ್ನೊಂದು ನ್ಯಾಯಮೂರ್ತಿಗಳು ಒಮ್ಮತದಿಂದ ಮರಣದಂಡನೆಯನ್ನು ರದ್ದುಪಡಿಸಿದರು. ಜನರು ಮರಣದಂಡನೆಯ ಪರವಾಗಿದ್ದಾರೆಂದು ಇಟ್ಟುಕೊಂಡರೂ ಹಕ್ಕಿನ ಪ್ರಶ್ನೆಯನ್ನು ಜನಾಭಿಪ್ರಾಯ ತೀರ್ಮಾನಿಸಲಾರದು; ಹಾಗೆ ತೀರ್ಮಾನಿಸುವುದಾದರೆ ಸಂವಿಧಾನದ ಅಗತ್ಯವೇನು ಎಂಬುದು ಅಧ್ಯಕ್ಷ ನ್ಯಾಯಮೂರ್ತಿ ಆರ್ಥರ್ ಚಾಸ್ಕಲ್ಸನ್ ಅವರ ತರ್ಕದ ಸಾರ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಈ ತೀರ್ಪನ್ನು ಒಮ್ಮೆಯಾದರೂ ಓದಬೇಕು.

1998ರ ಅಕ್ಟೋಬರ್ 9ರಂದು ಗಂಡಸರ ನಡುವಣ ಸಮ್ಮತಿಯ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಕಾನೂನು ಬಿದ್ದುಹೋಯಿತು. ಸ್ವತಃ ಸರಕಾರವೇ ಅದನ್ನು ಸಮರ್ಥಿಸಲು ಮುಂದಾಗಲಿಲ್ಲ. ನ್ಯಾಯಮೂರ್ತಿ ಲಾರಿ ಆಕರ್ಮನ್ ಅವರು ಕೊಟ್ಟ ಕಾರಣಗಳಲ್ಲಿ ಒಂದು ವಿಶೇಷ ಗಮನಾರ್ಹ. ಈ ಜನರು ರಾಜಕೀಯವಾಗಿ ಅಲ್ಪಸಂಖ್ಯಾತರು; ಚುನಾವಣೆಯ ಬಲದಿಂದ ತಮಗೆ ಬೇಕಾದ ಶಾಸನವನ್ನು ಮಾಡಿಸಿಕೊಳ್ಳಲಾರರು; ಆದ್ದರಿಂದ ಹಕ್ಕುಗಳ ಸನ್ನದೇ ಅವರಿಗೆ ಬಹುಮಟ್ಟಿಗೆ ಏಕೈಕ ಆಶ್ರಯ ಎಂದರವರು.

2005ರ ವಿವಾಹದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್. ವರ್ಣಭೇದ ಸರಕಾರದವರು 1988ರಲ್ಲಿ ಇಟ್ಟ ಬಾಂಬಿನಿಂದ ಒಂದು ತೋಳನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಕಳೆದುಕೊಂಡವರು ಅವರು. ಯಾವ ಧರ್ಮಗುರುವನ್ನೂ ತನ್ನ ಶ್ರದ್ಧೆಗೆ ವಿರುದ್ಧವಾಗಿ ವಿವಾಹ ಮಾಡಿಸೆಂದು ಒತ್ತಾಯಿಸುವಂತಿಲ್ಲವೆಂಬುದನ್ನೂ ಆ ತೀರ್ಪು ಸ್ಪಷ್ಟಪಡಿಸಿತು. ದೇವಾಲಯದ ಟ್ರಸ್ಟುಗಳಲ್ಲಿ ಇಂಥ ವಿಷಯದಲ್ಲಿ ಮೂಡುವ ಮೊದಲ ಭಯವೇ ಇದಾದ್ದರಿಂದ ಈ ಅಂಶವನ್ನು ಹೇಳಲೇಬೇಕು. 2006ರ ನವೆಂಬರ್ 14ರಂದು ಕೆಳಸದನವು 230ಕ್ಕೆ 41 ಮತಗಳಿಂದ ಮಸೂದೆಯನ್ನು ಅಂಗೀಕರಿಸಿತು. ಅದಕ್ಕೂ ಎರಡು ತಿಂಗಳು ಮೊದಲು, ಮುಂದೆ ರಾಷ್ಟ್ರಾಧ್ಯಕ್ಷರಾದ ಜೇಕಬ್ ಜುಮಾ ಇಂಥ ಮದುವೆ ದೇಶಕ್ಕೂ ದೇವರಿಗೂ ಅಪಮಾನವೆಂದು ಹೇಳಿ ಬಳಿಕ ಕ್ಷಮೆ ಕೇಳಿದ್ದರು. ಸರಕಾರಿ ವಿವಾಹಾಧಿಕಾರಿಗಳಿಗೆ ಆತ್ಮಸಾಕ್ಷಿಯ ಹೆಸರಿನಲ್ಲಿ ಕೊಟ್ಟಿದ್ದ ವಿನಾಯಿತಿಯನ್ನು 2020ರಲ್ಲಿ ತೆಗೆದುಹಾಕಲಾಯಿತು. ಧರ್ಮಗುರುಗಳ ಸ್ವಾತಂತ್ರ್ಯವನ್ನು ಮುಟ್ಟಲಿಲ್ಲ.

ಕಾಯಿದೆ ಬಂದ ಮಾತ್ರಕ್ಕೆ ಬೀದಿ ನಿರ್ಭಯವಾಗಲಿಲ್ಲ. ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಆಡಿದ್ದ, ತನ್ನ ಒಲವನ್ನು ಬಚ್ಚಿಡದ ಯೂಡಿ ಸಿಮೆಲಾನೆ 2008ರಲ್ಲಿ ತನ್ನ ಊರಾದ ಕ್ವಾಥೆಮಾದಲ್ಲಿಯೇ ಅತ್ಯಾಚಾರಕ್ಕೀಡಾಗಿ ಕೊಲೆಯಾದಳು. ಮನಸ್ಸುಗಳು ನಿಧಾನವಾಗಿ ಸರಿದವು. 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿಯೂ ಶೇಕಡಾ 72 ಮಂದಿ ಸಲಿಂಗಸಂಬಂಧ ನೈತಿಕವಾಗಿ ತಪ್ಪೆಂದೇ ಹೇಳಿದರು. ಆದರೆ ಅಂಥವರಿಗೂ ಉಳಿದ ನಾಗರಿಕರಷ್ಟೇ ಮಾನವ ಹಕ್ಕುಗಳು ಇರಬೇಕೆಂದವರು ಶೇಕಡಾ 51. ಲೆಕ್ಕ ಬಲ್ಲವರಿಗೆ ಅರ್ಥ ಸ್ಪಷ್ಟ: ತಪ್ಪೆಂದು ನಂಬಿದವರಲ್ಲಿಯೇ ಒಂದು ಪಾಲು ಜನ ಹಕ್ಕನ್ನು ಮಾತ್ರ ಕಿತ್ತುಕೊಳ್ಳಲು ಒಪ್ಪಲಿಲ್ಲ.

ಜೈನ ಆಚಾರಶಾಸ್ತ್ರಕ್ಕೆ ಈ ವಿವೇಚನೆ ಅಪರಿಚಿತವಲ್ಲ. ಮುನಿಗಳಿಗೆ ಬ್ರಹ್ಮಚರ್ಯ ಮಹಾವ್ರತ, ಶ್ರಾವಕರಿಗೆ ಸ್ವದಾರಸಂತೋಷ ಅಣುವ್ರತ. ವ್ರತವೆಂಬುದು ತಾನಾಗಿ ಸ್ವೀಕರಿಸತಕ್ಕದ್ದು. ರಾಜದಂಡದಿಂದ ಹೇರಿದ ಸಂಯಮವನ್ನು ವ್ರತವೆನ್ನಲಾಗದು. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪುರುಷ, ಸ್ತ್ರೀ, ನಪುಂಸಕ ಎಂಬ ಮೂರು ವೇದಗಳನ್ನು ವಿವರಿಸುವಾಗ, ದೇಹದ ದ್ರವ್ಯವೇದವೂ ಅಂತರಂಗದ ಭಾವವೇದವೂ ಸಾಮಾನ್ಯವಾಗಿ ಹೊಂದಿಕೊಂಡಿದ್ದರೂ ಕೆಲವೆಡೆ ಬೇರೆಯಾಗಿರುತ್ತವೆಂದು ತಿಳಿಸಿದ್ದಾರೆ. ಇಂದಿನ ಮಾತನ್ನು ಅವರ ಬಾಯಲ್ಲಿ ಇಡುವುದು ತರವಲ್ಲ. ಆದರೆ ಒಳಗಿನ ಒಲವು ಹೊರಗಿನ ಆಕಾರದ ಜಾಡಿನಲ್ಲಿಯೇ ಸಾಗಬೇಕೆಂಬ ನಿಯಮವಿಲ್ಲವೆಂಬುದನ್ನು ಅವರು ಅರಿತಿದ್ದರು. ಮೂರು ವೇದಗಳೂ ನೋಕಷಾಯಗಳೇ; ಗೃಹಸ್ಥ ಪುರುಷನ ಕಾಮವೂ ಅದಕ್ಕೆ ಹೊರತಲ್ಲ. ಒಂಬತ್ತು ನೋಕಷಾಯಗಳ ಅದೇ ಪಟ್ಟಿಯಲ್ಲಿ ಜುಗುಪ್ಸೆಯೂ ಸೇರಿದೆಯೆಂಬುದನ್ನು ಹೇಸಿಕೆಯನ್ನೇ ಧರ್ಮವೆಂದು ತಿಳಿದವರು ಗಮನಿಸುವುದಿಲ್ಲ.

ದಕ್ಷಿಣ ಆಫ್ರಿಕದ ತೀರ್ಪು ಭಾರತಕ್ಕೂ ಬಂದಿತು, ಆದರೆ ತಡವಾಗಿ. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಭಾರತೀಯ ದಂಡಸಂಹಿತೆಯ 377ನೆಯ ಕಲಮನ್ನು ಎತ್ತಿಹಿಡಿಯಿತು. ಬಾಧಿತರು ದೇಶದ ಜನಸಂಖ್ಯೆಯ ಅತ್ಯಲ್ಪ ಭಾಗವೆಂಬುದನ್ನು ಅದು ತನ್ನ ಕಾರಣಗಳಲ್ಲಿ ಎಣಿಸಿತು. ಒಂದೂವರೆ ತಿಂಗಳಲ್ಲಿ, 2014ರ ಜನವರಿ 27ರಂದು, ಕೇಂದ್ರ ಸರಕಾರ ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. 2011ರ ಜನಗಣತಿಯಂತೆ ಜೈನರು ಸುಮಾರು 44.5 ಲಕ್ಷ, ನೂರಕ್ಕೆ ಅರ್ಧವೂ ಅಲ್ಲ. ಒಂದೆಡೆ ಅಲ್ಪತೆಯು ರಕ್ಷಣೆಗೆ ಕಾರಣವಾಯಿತು, ಇನ್ನೊಂದೆಡೆ ಉಪೇಕ್ಷೆಗೆ. ಮರುವರ್ಷ, 2015ರ ಆಗಸ್ಟ್ 10ರಂದು, ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಯೆಂದು ಪರಿಗಣಿಸಿದಾಗ ಜೈನ ಸಮಾಜ ದೇಶಾದ್ಯಂತ ಮೌನ ಮೆರವಣಿಗೆ ನಡೆಸಿತು. ಅಂದು ಯಾರೂ ತಮ್ಮ ಸಂಖ್ಯೆಯನ್ನು ಮುಂದೊಡ್ಡಲಿಲ್ಲ, ಸಂವಿಧಾನದ 25ನೆಯ ವಿಧಿಯನ್ನು ಮುಂದೊಡ್ಡಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು, ದಕ್ಷಿಣ ಆಫ್ರಿಕದ 1998ರ ತೀರ್ಪನ್ನೂ ಉಲ್ಲೇಖಿಸಿ, ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೆಯ ಕಲಮಿನಿಂದ ಹೊರತೆಗೆಯಿತು. ವಿವಾಹದ ಹಕ್ಕನ್ನು ಮಾತ್ರ 2023ರಲ್ಲಿ ಮಾನ್ಯ ಮಾಡಲಿಲ್ಲ.

ಡರ್ಬನ್ನಿನ ಇನ್ನೊಂದು ಮೊಕದ್ದಮೆಯನ್ನೂ ಇಲ್ಲಿ ಹೇಳಬೇಕು. ಅಲ್ಲಿಯ ಬಾಲಿಕಾ ಶಾಲೆಯೊಂದು ದಕ್ಷಿಣ ಭಾರತ ಮೂಲದ ತಮಿಳು ಹಿಂದೂ ಹುಡುಗಿಯೊಬ್ಬಳು ಮೂಗುತಿ ಧರಿಸಿ ಬರುವುದನ್ನು ಸಮವಸ್ತ್ರದ ನಿಯಮಕ್ಕೆ ವಿರುದ್ಧವೆಂದು ತಡೆಯಿತು. ಮೂಗುತಿ ಧರ್ಮದ ಕಡ್ಡಾಯವಲ್ಲ, ಸಂಪ್ರದಾಯವಷ್ಟೇ ಎಂಬ ವಾದ ಬಂತು. ಮುಖ್ಯ ನ್ಯಾಯಮೂರ್ತಿ ಪಯಸ್ ಲಾಂಗಾ ಅವರು ಬರೆದ 2007ರ ಅಕ್ಟೋಬರ್ 5ರ ತೀರ್ಪು, ಸ್ವಯಂಪ್ರೇರಣೆಯಿಂದ ಪಾಲಿಸುವ ಆಚರಣೆಗೂ ರಕ್ಷಣೆಯುಂಟೆಂದು ಹೇಳಿ ಹುಡುಗಿಯ ಪರವಾಗಿ ಬಂತು. ಅದಕ್ಕೆ ಆಧಾರವಾದ 2000ದ ಸಮಾನತಾ ಕಾಯಿದೆಯನ್ನು ಹೊರಡಿಸಿದ್ದು ಸಂವಿಧಾನದ ಅದೇ ಒಂಬತ್ತನೆಯ ವಿಧಿಯನ್ನು ಜಾರಿಗೆ ತರುವ ಸಲುವಾಗಿ.