ಥಾಣೆ-ಬೇಲಾಪುರ ರಸ್ತೆಯಿಂದ ಬಂದ ಕರೆ

ಡೊಂಬಿವಲಿಗೆ ಬಂದ ಹೊಸತರಲ್ಲಿ ನಾನಿದ್ದ ಬಾಡಿಗೆ ಕೋಣೆಯ ಮಾಲೀಕರ ಮನೆಯಲ್ಲಿ, ಫೋನಿನ ಪಕ್ಕಕ್ಕೆ ಒಂದು ದಪ್ಪ ಡೈರೆಕ್ಟರಿ ಇರುತ್ತಿತ್ತು. ಹೆಸರು, ವಿಳಾಸ, ನಂಬರು ಎಲ್ಲವೂ ಅಚ್ಚಾಗಿದ್ದ ಪುಸ್ತಕ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಕರೆ ಮಾಡಬಹುದಿತ್ತು, ಆದರೆ ಯಾರೂ ಮಾಡುತ್ತಿರಲಿಲ್ಲ. ಇಂದು ನನ್ನ ನಂಬರು ಯಾವ ಪುಸ್ತಕದಲ್ಲೂ ಇಲ್ಲ. ಆದರೂ ಘೋಡ್‌ಬಂದರ್ ರಸ್ತೆಯಲ್ಲಿ ಟೂ ಬಿಎಚ್‌ಕೆ ಮಾರುವವರಿಗೆ ಅದು ಬಾಯಿಪಾಠ. ನಂಬರು ಸೋರಿಹೋದದ್ದೇ ಈ ಕಾಟಕ್ಕೆಲ್ಲ ಮೂಲ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಉಳಿದರ್ಧ ಇರುವುದು ಕರೆಯ ದರದಲ್ಲಿ.

ಆಗ ಕರೆ ಎಂದರೆ ಖರ್ಚು. ಥಾಣೆ, ನವಿ ಮುಂಬಯಿ ಎಂಟಿಎನ್‌ಎಲ್ ಸೀಮೆ, ಕೋಡ್ 022. ಕಲ್ಯಾಣ್, ಡೊಂಬಿವಲಿ ಬಿಎಸ್‌ಎನ್‌ಎಲ್, ಕೋಡ್ 0251. ಒಂದೇ ಲೋಕಲ್ ಟ್ರೈನಿನ ದಾರಿಯಲ್ಲಿ ಎರಡು ಟೆಲಿಫೋನ್ ರಾಜ್ಯಗಳು. 1995ರಲ್ಲಿ ದೇಶಕ್ಕೆ ಮೊಬೈಲ್ ಬಂದಾಗಲಂತೂ ಬಂದ ಕರೆ ಎತ್ತಿದರೂ ನಮ್ಮದೇ ದುಡ್ಡು ಹೋಗುತ್ತಿತ್ತು. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ನಾವೆಲ್ಲ ಹಬ್ಬ ಮಾಡಿದೆವು. ಬಾಗಿಲು ತೆರೆದದ್ದು ನಮ್ಮವರಿಗೆ ಮಾತ್ರವಲ್ಲ ಎಂದು ಅಂದು ಹೊಳೆದಿರಲಿಲ್ಲ.

ದರ ಕುಸಿದ ಕಥೆಯ ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಹಿತ್ತಲಿನಲ್ಲೇ. 2002ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಇನ್ಫೋಕಾಮ್ ಮೊಬೈಲ್ ಸೇವೆಗೆ ಚಾಲನೆ ಕೊಟ್ಟಿತು. ಅದರ ಕೇಂದ್ರ ಥಾಣೆ-ಬೇಲಾಪುರ ರಸ್ತೆಯ ಕೋಪರ್‌ಖೈರಣೆಯಲ್ಲಿತ್ತು. ನಿಮಿಷಕ್ಕೆ 40 ಪೈಸೆ, ಪೋಸ್ಟ್‌ಕಾರ್ಡಿಗಿಂತ ಅಗ್ಗ. ಹದಿನಾಲ್ಕು ವರ್ಷದ ಮೇಲೆ, 2016ರ ಸೆಪ್ಟೆಂಬರ್‌ನಲ್ಲಿ, ಅದೇ ರಸ್ತೆಯ ಘನ್ಸೋಲಿಯಲ್ಲಿ ನೆಲೆಯಿದ್ದ ಜಿಯೋ ಮಾತನ್ನು ಪೂರ್ತಿ ಉಚಿತ ಮಾಡಿತು. ನೂರು ಜನರಿಗೆ ಕರೆ ಮಾಡಿ ಒಬ್ಬ ಸಾಲ ತೆಗೆದುಕೊಂಡರೂ ಲಾಭ ಎಂಬ ಲೆಕ್ಕ ಆಮೇಲೆ ಸುಲಭವಾಯಿತು. ಉಳಿದ ತೊಂಬತ್ತೊಂಬತ್ತು ಜನರ ಊಟ, ನಿದ್ದೆ, ಮೀಟಿಂಗುಗಳು ಯಾವ ಎಕ್ಸೆಲ್ ಶೀಟಿನಲ್ಲೂ ಇರಲಿಲ್ಲ.

ಕರೆ ಮಾಡುವವರೂ ಹೊರಗಿನವರಲ್ಲ. 2004ರಲ್ಲಿ ಥಾಣೆ-ವಾಶಿ ರೈಲು ಶುರುವಾದ ಮೇಲೆ ಕಲ್ಯಾಣ್, ಡೊಂಬಿವಲಿಯ ಹುಡುಗ ಹುಡುಗಿಯರು ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ, ಮಹಾಪೆ ಕಡೆಯ ಕಾಲ್ ಸೆಂಟರುಗಳಿಗೆ ಹೋಗತೊಡಗಿದರು. ಒಮ್ಮೆ ನನ್ನ ಪಕ್ಕ ನಿಂತಿದ್ದ ಹುಡುಗನೊಬ್ಬ, 'ಸರ್, ಮಾರೋದೇನೂ ಇಲ್ಲ, ಸಣ್ಣ ಸರ್ವೆ, ನಾಲ್ಕೇ ಪ್ರಶ್ನೆ' ಎಂಬುದನ್ನು ಹಿಂದಿಯಲ್ಲಿ ಮತ್ತೆ ಮತ್ತೆ ಒಪ್ಪಿಸಿಕೊಳ್ಳುತ್ತಿದ್ದ. ನಾಲ್ಕನೆಯ ಪ್ರಶ್ನೆ ಏನೆಂದು ಅನುಭವದಿಂದ ನನಗೆ ಗೊತ್ತಿತ್ತು: ಮನೆ ಸ್ವಂತದ್ದೋ, ಬಾಡಿಗೆಯದ್ದೋ? ಅಂದಿನಿಂದ ಇಂಥ ಕರೆ ಬಂದರೆ ಬೈಯುವುದಿಲ್ಲ. ಬೇಡ ಎಂದು ಹೇಳಿ ಇಟ್ಟುಬಿಡುತ್ತೇನೆ.

ಅದೇ ಕೆಲಸ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನೂ ಥಾಣೆ ಜಿಲ್ಲೆ ಕಂಡಿದೆ. 2016ರ ಅಕ್ಟೋಬರ್‌ನಲ್ಲಿ ಥಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿ 700ಕ್ಕೂ ಹೆಚ್ಚು ಜನರನ್ನು ವಶಕ್ಕೆ ತೆಗೆದುಕೊಂಡರು. ಅಲ್ಲಿಂದ ಅಮೆರಿಕದವರಿಗೆ ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಕರೆ ಮಾಡಿ, ಜೈಲಿನ ಹೆದರಿಕೆ ಹಾಕಿ ಹಣ ಕೀಳುತ್ತಿದ್ದರು. ಸಿಕ್ಕವರಲ್ಲಿ ಬಹಳ ಮಂದಿ ಇಪ್ಪತ್ತರ ಆಸುಪಾಸಿನವರು.

ಇನ್ನು ಕಾನೂನು. ಅಮೆರಿಕದಲ್ಲಿ 'ಕರೆ ಮಾಡಬೇಡಿ' ಪಟ್ಟಿ 2003ರಲ್ಲೇ ಬಂದಿತ್ತು. ನಮ್ಮ ಟ್ರಾಯ್ 2007ರಲ್ಲಿ ನಿಯಮ ಮಾಡಿತು. 1909ಕ್ಕೆ ಹೇಳಿ ಹೆಸರು ನೋಂದಾಯಿಸಿ 45 ದಿನ ಕಾಯಬೇಕಿತ್ತು. 2010ರಲ್ಲಿ ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿಯವರಿಗೇ, ವಿರೋಧ ಪಕ್ಷದವರೊಂದಿಗಿನ ಸಭೆಯ ನಡುವೆ, ಸಾಲ ಬೇಕೇ ಎಂದು ಕರೆ ಬಂತು. ಆ ವರ್ಷದ ಕೊನೆಗೆ ಬಂದು 2011ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ನಿಯಮ ಬಿಗಿಯಾಗಿತ್ತು: ಮಾರಾಟದ ಕರೆಗೆ 140ರ ನಂಬರು, ರಾತ್ರಿ 9ರಿಂದ ಬೆಳಗ್ಗೆ 9ರವರೆಗೆ ನಿಷೇಧ. ಪರಿಣಾಮವೆಂದರೆ ನಾವು 140 ಕಂಡರೆ ಎತ್ತುವುದನ್ನು ಬಿಟ್ಟೆವು, ಅವರು ಹತ್ತಂಕಿಯ ಸಾಮಾನ್ಯ ಸಿಮ್ಮಿಗೆ ಇಳಿದರು.

2018ರ ನಿಯಮ ಬ್ಲಾಕ್‌ಚೈನ್ ತಂದಿತು. ಕಂಪನಿ ತನ್ನ ಹೆಸರನ್ನೂ ಪ್ರತಿ ಎಸ್‌ಎಂಎಸ್‌ನ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು; ಮಾದರಿಗೆ ಹೊಂದದ ಸಂದೇಶ ದಾರಿಯಲ್ಲೇ ಕಸದ ಬುಟ್ಟಿಗೆ. 2021ರ ಮಾರ್ಚ್ 8ರಂದು ಇದನ್ನು ಬಿಗಿಯಾಗಿ ಚಾಲೂ ಮಾಡಿದಾಗ ದೇಶದುದ್ದಕ್ಕೂ ಒಟಿಪಿಗಳೇ ನಿಂತುಹೋದವು. ಆ ದಿನ ನಮ್ಮ ತಂಡದವರು ಸರ್ವರ್ ಕೆಟ್ಟಿದೆಯೆಂದು ಲಾಗ್‌ಗಳನ್ನು ಜಾಲಾಡಿದ್ದೇ ಜಾಲಾಡಿದ್ದು. ಮರುದಿನ ಟ್ರಾಯ್ ಏಳು ದಿನದ ಬಿಡುವು ಕೊಟ್ಟಿತು. ತಂತ್ರಜ್ಞಾನ ನನ್ನ ಹೊಟ್ಟೆಪಾಡು, ಆದರೂ ಹೇಳುತ್ತೇನೆ: ಅದು ಬಿಗಿಹಿಡಿದದ್ದು ನೋಂದಾಯಿಸಿದವರನ್ನು. ನೋಂದಾಯಿಸದವನ ಜೇಬಿನಲ್ಲಿ ಸಿಮ್ಮು ಹಾಗೇ ಇತ್ತು. ಅವನ ಸಂಪರ್ಕಗಳನ್ನೆಲ್ಲ ಕಡಿದು ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸಿ ಎಂಬ ಆದೇಶ ಬರಲು 2024ರ ಆಗಸ್ಟ್ ಆಗಬೇಕಾಯಿತು. 2025ರ ತಿದ್ದುಪಡಿಯಿಂದ ದೂರು ಕೊಡಲು ಮೂರರ ಬದಲು ಏಳು ದಿನ ಸಿಕ್ಕಿದೆ, ಹತ್ತು ದಿನದಲ್ಲಿ ಐದು ದೂರು ಬಂದರೂ ಕ್ರಮಕ್ಕೆ ಸಾಕು. ಹಾಗಾಗಿ ನಂಬರು ತಡೆದು ಸುಮ್ಮನಾಗದೆ 1909ಕ್ಕೆ ದೂರು ಕೊಡಿ. ಬ್ಯಾಂಕಿನ ಅಸಲಿ ಸೇವಾ ಕರೆಗಳಿಗೆ 1600ರ ಸಾಲು ಗೊತ್ತುಮಾಡಿದ್ದಾರೆ, ಅದನ್ನು ಮನೆಯ ಹಿರಿಯರಿಗೂ ಹೇಳಿಡಿ.

ಆದರೆ ಪಟ್ಟಿಗೆ ಸೇರಬೇಕಾದವರು ನಾವು, ದೂರು ಕೊಡಬೇಕಾದವರೂ ನಾವು. ಬೇಸತ್ತು ನಾನು ಒಮ್ಮೆ ಅಪರಿಚಿತ ನಂಬರುಗಳು ರಿಂಗೇ ಆಗದಂತೆ ಮಾಡಿಟ್ಟೆ. ಎರಡು ತಿಂಗಳು ಪರಮಸುಖ. ಒಂದು ಮಳೆಗಾಲದ ರಾತ್ರಿ ಊರಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಪಕ್ಕದ ಮನೆಯವರ ಫೋನು ಚಾರ್ಜಿಲ್ಲದೆ ಸತ್ತಿತ್ತು. ಆಸ್ಪತ್ರೆಯ ಲ್ಯಾಂಡ್‌ಲೈನಿನಿಂದ ಮೂರು ಸಲ ಕರೆ ಮಾಡಿದ್ದರು. ನಾನು ನೋಡಿದ್ದು ಬೆಳಗ್ಗೆ ಆರಕ್ಕೆ. 'ಮಲಗಿದ್ದಿಯೇನೋ ಅಂದುಕೊಂಡೆ ಮಗಾ' ಎಂದರು ಅಮ್ಮ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು.

ಅಂದೇ ಆ ಸೆಟ್ಟಿಂಗ್ ತೆಗೆದೆ. ಈಗ 0820, 0824 ಎಂದು ಶುರುವಾಗುವ ಯಾವ ಕರೆಯನ್ನೂ ಬಿಡುವುದಿಲ್ಲ. ಕಳೆದ ವಾರ ಮೀಟಿಂಗಿನಿಂದ ಎದ್ದು ಹೋಗಿ ಎತ್ತಿದೆ. ಮಂಗಳೂರಿನಲ್ಲಿ ಫ್ಲ್ಯಾಟ್ ನೋಡುತ್ತಿದ್ದೀರಾ ಸರ್ ಎಂದು ಒಬ್ಬ ಹುಡುಗಿ ಕನ್ನಡದಲ್ಲೇ ಕೇಳಿದಳು.